ದೇಶಕ್ಕೆಲ್ಲ ಒಂದೇ ರೇಡಿಯೋ, ಊರಿಗೊಂದು ಫ್ರೀಕ್ವೆನ್ಸಿ: ಹುಡುಕುವುದು ಹೇಗೆ?

ಆಸ್ಟ್ರೇಲಿಯಾದ ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿ ನಡೆಸುವ ಟ್ರಿಪಲ್ ಜೆ ಸ್ಟೇಷನ್ ಸಿಡ್ನಿಯಲ್ಲಿ 105.7ರಲ್ಲಿ ಬರುತ್ತದೆ. ಮೆಲ್ಬರ್ನ್‌ಗೆ ಹೋದರೆ 107.5. ಪರ್ತ್‌ನಲ್ಲಿ 99.3. ಹೋಬಾರ್ಟ್‌ನಲ್ಲಿ 92.9. ಹೋಬಾರ್ಟ್‌ನವರು ಅದೇ 92.9 ನೆನಪಿಟ್ಟುಕೊಂಡು ಸಿಡ್ನಿಗೆ ಬಂದು ರೇಡಿಯೋ ಹಾಕಿದರೆ ಎಬಿಸಿ ಕ್ಲಾಸಿಕ್ ಕೇಳಿಸುತ್ತದೆ. ಸಂಸ್ಥೆ ಒಂದೇ, ಸಂಖ್ಯೆಯೂ ಒಂದೇ, ಸ್ಟೇಷನ್ ಮಾತ್ರ ಬೇರೆ.

ಹೀಗಾಗಿ "ಆ ಸ್ಟೇಷನ್ ಫ್ರೀಕ್ವೆನ್ಸಿ ಎಷ್ಟು?" ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಫ್ರೀಕ್ವೆನ್ಸಿ ಇರುವುದು ಟವರ್‌ಗೆ. ನಿಮ್ಮ ಮನೆಗೋ ನಿಮ್ಮ ದಾರಿಗೋ ಯಾವ ಟವರ್ ತಲುಪುತ್ತದೆ ಎಂದು ಗೊತ್ತಾದರೆ ಸಂಖ್ಯೆ ತಾನಾಗಿ ಸಿಗುತ್ತದೆ. ಈ ಲೇಖನದಲ್ಲಿ ಹೇಳುವ ದಾರಿಯೆಲ್ಲ ಈ ಒಂದು ಮಾತಿನ ಮೇಲೇ ನಿಂತಿದೆ.

ಇಡೀ ದೇಶಕ್ಕೆ ಒಂದೇ ಸಂಖ್ಯೆ ಕೊಡಬಹುದಿತ್ತಲ್ವಾ ಎಂದು ಅನಿಸುವುದು ಸಹಜ. ಎಫ್‌ಎಂ ಅಲೆ ಹೆಚ್ಚುಕಮ್ಮಿ ನೇರವಾಗಿ ಹೋಗುತ್ತದೆ. 300 ಮೀಟರ್ ಎತ್ತರದ ಆಂಟೆನಾದಿಂದ ಬಯಲಿನಲ್ಲಿ ಅಂದಾಜು 70 ಕಿಲೋಮೀಟರ್ ಆಚೆಗೆ ಭೂಮಿಯ ಬಾಗು ಅಡ್ಡ ಬರುತ್ತದೆ. ಶಕ್ತಿ ಜಾಸ್ತಿ ಇದ್ದರೆ ಅದನ್ನು ದಾಟಿ ಇನ್ನೂ ಸ್ವಲ್ಪ ದೂರ ಕೇಳುತ್ತದೆ, ಅಷ್ಟೇ. ಆದ್ದರಿಂದ ದೇಶವನ್ನು ಮುಚ್ಚಲು ಹತ್ತಾರು, ಕೆಲವೊಮ್ಮೆ ನೂರಾರು ಟವರ್ ಬೇಕು. ಅಕ್ಕಪಕ್ಕದ ಎರಡು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಕಳುಹಿಸಿದರೆ ನಡುವಿನ ಜಾಗದಲ್ಲಿ ಎರಡೂ ಒಂದಕ್ಕೊಂದು ಗುದ್ದಾಡಿ ಮಾತು ಒಡೆದುಹೋಗುತ್ತದೆ. ಅದಕ್ಕೇ ಪಕ್ಕದ ಟವರ್‌ಗೆ ಬೇರೆ ಸಂಖ್ಯೆ ಕೊಡುತ್ತಾರೆ. ಸಾಕಷ್ಟು ದೂರ ಹೋದ ಮೇಲೆ ಮೊದಲಿನ ಸಂಖ್ಯೆಯನ್ನೇ ಮತ್ತೆ ಬಳಸುತ್ತಾರೆ.

ಮೊದಲು ಹೆಸರು ಖಚಿತ ಮಾಡಿಕೊಳ್ಳಿ

ಸಂಖ್ಯೆ ಹುಡುಕುವ ಮುಂಚೆ ಯಾವ ಸ್ಟೇಷನ್ ಬೇಕು ಎಂಬುದು ಸ್ಪಷ್ಟವಿರಲಿ. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಹುಡುಕಾಟ ದಾರಿ ತಪ್ಪುವುದು ಜಾಸ್ತಿ ಇಲ್ಲೇ.

ಒಂದೇ ಸಂಸ್ಥೆಗೆ ಹಲವು ಸ್ಟೇಷನ್‌ಗಳಿರುತ್ತವೆ. ಕೆನಡಾದಲ್ಲಿ ಸಿಬಿಸಿ ಎಂದರೆ ಸಾಲದು. ಮಾತು, ಸುದ್ದಿ ಬೇಕಿದ್ದರೆ ಸಿಬಿಸಿ ರೇಡಿಯೋ ಒನ್, ಫ್ರೆಂಚ್‌ನಲ್ಲಿ ಬೇಕಿದ್ದರೆ ಇಸಿ ಪ್ರೆಮಿಯರ್ ಎಂದು ಹುಡುಕಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ರಾಷ್ಟ್ರೀಯ ಪ್ರಸಾರವೇ ಭಾಷೆಯ ಪ್ರಕಾರ ಹಂಚಿಹೋಗಿದೆ: ಜರ್ಮನ್‌ಗೆ ಎಸ್‌ಆರ್‌ಎಫ್, ಫ್ರೆಂಚ್‌ಗೆ ಆರ್‌ಟಿಎಸ್, ಇಟಾಲಿಯನ್‌ಗೆ ಆರ್‌ಎಸ್‌ಐ. ಬೆಲ್ಜಿಯಂನಲ್ಲಿ ಡಚ್ ಭಾಷೆಯವರಿಗೆ ವಿಆರ್‌ಟಿ, ಫ್ರೆಂಚ್ ಭಾಷೆಯವರಿಗೆ ಆರ್‌ಟಿಬಿಎಫ್. ಇಂಥ ದೇಶಗಳಲ್ಲಿ "ರಾಷ್ಟ್ರೀಯ ರೇಡಿಯೋ" ಎಂದು ಸುಮ್ನೆ ಹುಡುಕಿದರೆ ನಿಮಗೆ ಅರ್ಥವಾಗದ ಭಾಷೆಯ ಸ್ಟೇಷನ್ ಕೈಗೆ ಬರಬಹುದು.

ಅಮೆರಿಕದ್ದು ಇನ್ನೊಂದು ಬಗೆ. ಎನ್‌ಪಿಆರ್ ಎಂಬುದು ಒಂದು ಸ್ಟೇಷನ್ ಅಲ್ಲವೇ ಅಲ್ಲ. ಅದು ಕಾರ್ಯಕ್ರಮ ತಯಾರಿಸಿ ಕೊಡುವ ಸಂಸ್ಥೆ. ಊರೂರಿನ ಸದಸ್ಯ ಸ್ಟೇಷನ್‌ಗಳು ಅದನ್ನು ತಮ್ಮ ಹೆಸರಲ್ಲಿ ಬಿತ್ತರಿಸುತ್ತವೆ. ಷಿಕಾಗೋದಲ್ಲಿ ಡಬ್ಲ್ಯೂಬಿಇಝಡ್ 91.5, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಕ್ಯೂಇಡಿ 88.5, ವಾಷಿಂಗ್ಟನ್‌ನಲ್ಲಿ ಡಬ್ಲ್ಯೂಎಎಂಯು ಕೂಡ 88.5. ಅಲ್ಲಿ ಎಫ್‌ಎಂ ಪಟ್ಟಿಯ ಕೆಳತುದಿ, ಅಂದರೆ 88ರಿಂದ 92ರವರೆಗಿನ ಭಾಗ, ವಾಣಿಜ್ಯೇತರ ಸ್ಟೇಷನ್‌ಗಳಿಗೆ ಮೀಸಲು. ಗೊತ್ತಿಲ್ಲದ ಊರಿಗೆ ಹೋದಾಗ ಮೊದಲು ಅಷ್ಟರಲ್ಲೇ ಹುಡುಕಿ. ಹೆಚ್ಚಿನ ಕಡೆ ಕೆಲಸ ಆಗುತ್ತದೆ. ನ್ಯೂಯಾರ್ಕ್‌ನಂಥ ಕಡೆ ಆಗುವುದಿಲ್ಲ, ಅಲ್ಲಿನ ಡಬ್ಲ್ಯೂಎನ್‌ವೈಸಿ ಇರುವುದು 93.9ರಲ್ಲಿ.

ಕೈಯಲ್ಲಿರುವ ರೇಡಿಯೋ ಏನೇನು ಹಿಡಿಯುತ್ತದೆ?

ಪಟ್ಟಿಯಲ್ಲಿ ಸಂಖ್ಯೆ ಸರಿಯಾಗಿದ್ದರೂ ರೇಡಿಯೋ ಅಲ್ಲಿಗೆ ಹೋಗದೇ ಇರಬಹುದು. ಇದನ್ನು ಮೊದಲೇ ನೋಡಿಕೊಂಡರೆ ತಲೆನೋವು ಉಳಿಯುತ್ತದೆ.

ಜಗತ್ತಿನ ಹೆಚ್ಚಿನ ಕಡೆ ಎಫ್‌ಎಂ ಎಂದರೆ 87.5ರಿಂದ 108 ಮೆಗಾಹರ್ಟ್ಸ್. ಜಪಾನ್‌ನಲ್ಲಿ ಅದು 76ರಿಂದ ಶುರುವಾಗುತ್ತದೆ. ಮೊದಲು 90ಕ್ಕೆ ಮುಗಿಯುತ್ತಿತ್ತು, ಈಗ 95ರವರೆಗೆ ಬಂದಿದೆ. ಜಪಾನ್‌ಗೆಂದು ತಯಾರಾದ ಹಳೆಯ ರೇಡಿಯೋ ಬೇರೆ ದೇಶಕ್ಕೆ ಬಂದರೆ ಅಲ್ಲಿನ ಬಹುಪಾಲು ಸ್ಟೇಷನ್‌ಗಳು ಅದರ ಕೈಗೆಟುಕುವುದಿಲ್ಲ. ನ್ಯೂಜಿಲೆಂಡ್‌ನಲ್ಲಿ ಇದು ದಿನನಿತ್ಯದ ಸಮಸ್ಯೆ. ಅಲ್ಲಿ ಜಪಾನ್‌ನಿಂದ ತಂದ ಸೆಕೆಂಡ್ ಹ್ಯಾಂಡ್ ಕಾರುಗಳು ತುಂಬಾ. ಅಲ್ಲಿನ ರಾಷ್ಟ್ರೀಯ ಸ್ಟೇಷನ್ ಆರ್‌ಎನ್‌ಝಡ್ ನ್ಯಾಷನಲ್ ಇರುವುದು 101ರ ಆಸುಪಾಸಿನಲ್ಲಿ. ಅದಕ್ಕೆ ಬ್ಯಾಂಡ್ ಎಕ್ಸ್‌ಪ್ಯಾಂಡರ್ ಎಂಬ ಸಣ್ಣ ಡಬ್ಬಿಯನ್ನು ಆಂಟೆನಾ ತಂತಿಗೆ ಸೇರಿಸುತ್ತಾರೆ. ಅದು ಬರುವ ಸಿಗ್ನಲ್ಲನ್ನು ಇಷ್ಟು ಮೆಗಾಹರ್ಟ್ಸ್ ಎಂದು ಕೆಳಗಿಳಿಸಿ ಕೊಡುತ್ತದೆ. ಉದಾಹರಣೆಗೆ 16 ಇಳಿಸುವ ಡಬ್ಬಿಯಾದರೆ ಆಕ್ಲೆಂಡ್‌ನ 101.4 ಕಾರಿನ ಪರದೆಯಲ್ಲಿ 85.4 ಎಂದು ಕಾಣುತ್ತದೆ. ಪಟ್ಟಿಯಲ್ಲಿರುವ ಸಂಖ್ಯೆಗೂ ಪರದೆಯ ಸಂಖ್ಯೆಗೂ ತಾಳೆಯಾಗದಿದ್ದರೆ, ಎಲ್ಲ ಸ್ಟೇಷನ್‌ಗಳಿಗೂ ವ್ಯತ್ಯಾಸ ಒಂದೇ ಇದೆಯಾ ಎಂದು ನೋಡಿ. ಒಂದೇ ಇದ್ದರೆ ಡಬ್ಬಿಯ ಕೆಲಸ ಅದು.

ಇನ್ನೊಂದು ವಿಷಯ, ಸ್ಟೆಪ್. ಗುಂಡಿ ಒತ್ತಿದಾಗ ಸಂಖ್ಯೆ ಎಷ್ಟೆಷ್ಟು ಜಿಗಿಯುತ್ತದೆ ಎಂಬುದು. ಅಮೆರಿಕದಲ್ಲಿ ಎಫ್‌ಎಂ ಸ್ಟೇಷನ್‌ಗಳು 88.1, 88.3, 88.5 ಹೀಗೆ ಬೆಸ ಅಂಕಿಗಳಲ್ಲೇ ಇರುತ್ತವೆ. ಆ ಲೆಕ್ಕಕ್ಕೆ ತಯಾರಾದ ರೇಡಿಯೋ 0.2ರಂತೆ ಜಿಗಿಯುತ್ತದೆ. ಯುರೋಪ್‌ನಲ್ಲಿ 92.4, 95.8ರಂಥ ಸಮ ಅಂಕಿಗಳೂ ಉಂಟು. ಅಲ್ಲಿ ಆ ರೇಡಿಯೋ ಸರಿಯಾಗಿ ಕೂರುವುದಿಲ್ಲ. ಮೀಡಿಯಂ ವೇವ್‌ನಲ್ಲಿ (ಎಎಂ ಎಂದೂ ಬರೆದಿರುತ್ತದೆ) ಅಮೆರಿಕ ಖಂಡಗಳು 10 ಕಿಲೋಹರ್ಟ್ಸ್ ಸ್ಟೆಪ್ ಬಳಸುತ್ತವೆ, ಉಳಿದ ಜಗತ್ತು 9. ಹೆಚ್ಚಿನ ಪ್ರಯಾಣದ ರೇಡಿಯೋಗಳಲ್ಲಿ ಇದನ್ನು ಬದಲಿಸುವ ಆಯ್ಕೆ ಇರುತ್ತದೆ. ಬ್ಯಾಟರಿ ಮುಚ್ಚಳದ ಒಳಗೋ, ಸೆಟ್ಟಿಂಗ್ಸ್‌ನಲ್ಲೋ ಹುಡುಕಿ.

ಲಾಂಗ್ ವೇವ್ ಇದೆಯಾ, ಡಿಎಬಿ ಎಂಬ ಡಿಜಿಟಲ್ ರೇಡಿಯೋ ಇದೆಯಾ, ಇದ್ದರೆ ಅದರ ಹೊಸ ರೂಪವಾದ ಡಿಎಬಿ ಪ್ಲಸ್ ಇದೆಯಾ ಎಂಬುದನ್ನೂ ಒಮ್ಮೆ ನೋಡಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಪಟ್ಟಿ ಎಲ್ಲಿ ಸಿಗುತ್ತದೆ?

ಮೂರು ಕಡೆ ಸಿಗುತ್ತದೆ. ನನ್ನ ಪ್ರಕಾರ ಮೂರನ್ನೂ ನೋಡಬೇಕು, ಆದರೆ ಬೇರೆ ಬೇರೆ ಕಾರಣಕ್ಕೆ.

ಮೊದಲನೆಯದು ಪ್ರಸಾರ ಸಂಸ್ಥೆಯ ಸ್ವಂತ ವೆಬ್‌ಸೈಟ್. ಅಲ್ಲಿ ಊರಿನ ಹೆಸರು ಹಾಕಿದರೆ ಫ್ರೀಕ್ವೆನ್ಸಿ ಬರುತ್ತದೆ. ಹೊಸ ಬದಲಾವಣೆ ಮೊದಲು ಕಾಣಿಸುವುದು ಸಾಮಾನ್ಯವಾಗಿ ಇಲ್ಲೇ. ಕೊರತೆ ಏನೆಂದರೆ, ದೊಡ್ಡ ಊರುಗಳ ಹೆಸರಷ್ಟೇ ಇದ್ದು ಚಿಕ್ಕ ಊರಿನವರು ಯಾವುದನ್ನು ಆರಿಸಬೇಕೆಂದು ತಿಳಿಯುವುದಿಲ್ಲ.

ಎರಡನೆಯದು ದೇಶದ ನಿಯಂತ್ರಣ ಸಂಸ್ಥೆ. ಲೈಸೆನ್ಸ್ ಕೊಡುವವರು ಅವರೇ ಆದ್ದರಿಂದ ಟವರ್ ಎಲ್ಲಿದೆ, ಎಷ್ಟು ಶಕ್ತಿ, ಯಾವ ಫ್ರೀಕ್ವೆನ್ಸಿ ಎಂಬ ದಾಖಲೆ ಅವರ ಬಳಿ ಇರುತ್ತದೆ. ಬ್ರಿಟನ್‌ನಲ್ಲಿ ಆಫ್‌ಕಾಮ್, ಆಸ್ಟ್ರೇಲಿಯಾದಲ್ಲಿ ಎಸಿಎಂಎ, ಅಮೆರಿಕದಲ್ಲಿ ಎಫ್‌ಸಿಸಿ, ಫ್ರಾನ್ಸ್‌ನಲ್ಲಿ ಆರ್ಕಾಮ್. ಎಫ್‌ಸಿಸಿಯ ಎಫ್‌ಎಂ ಹುಡುಕಾಟದಲ್ಲಿ ರಾಜ್ಯ, ಊರು ಅಥವಾ ಫ್ರೀಕ್ವೆನ್ಸಿ ಕೊಟ್ಟು ಹುಡುಕಬಹುದು. ಈ ದಾಖಲೆಗಳು ನೋಡಲು ಒಣ ಒಣ. ಆದರೆ ನಂಬಬಹುದು.

ಮೂರನೆಯದು ರೇಡಿಯೋ ಹುಚ್ಚಿನವರು ಸೇರಿ ಕಟ್ಟಿದ ಪಟ್ಟಿಗಳು. ಎಫ್‌ಎಂಗೆ ಎಫ್‌ಎಂಲಿಸ್ಟ್, ಮೀಡಿಯಂ ಮತ್ತು ಲಾಂಗ್ ವೇವ್‌ಗೆ ಎಂಡಬ್ಲ್ಯೂಲಿಸ್ಟ್. ಎಫ್‌ಎಂಲಿಸ್ಟ್‌ನ ಜೊತೆಗಾರ ಎಫ್‌ಎಂಸ್ಕ್ಯಾನ್ ತುಂಬಾ ಉಪಯೋಗಕ್ಕೆ ಬರುತ್ತದೆ: ನೀವಿರುವ ಜಾಗ ಹೇಳಿದರೆ ಅಲ್ಲಿ ಯಾವ ಯಾವ ಸ್ಟೇಷನ್ ಎಷ್ಟು ಚೆನ್ನಾಗಿ ಕೇಳಬೇಕು ಎಂದು ಲೆಕ್ಕ ಹಾಕಿ ಕೊಡುತ್ತದೆ. ಅದು ಲೆಕ್ಕವೇ ಹೊರತು ಕಿವಿಯಾರೆ ಕೇಳಿ ಹೇಳಿದ ಮಾತಲ್ಲ ಎಂಬುದು ನೆನಪಿರಲಿ.

ಇವು ಬಿಟ್ಟು ಯಾರೋ ಎಂದೋ ಬರೆದಿಟ್ಟ "ಎಲ್ಲ ಫ್ರೀಕ್ವೆನ್ಸಿಗಳು" ಬಗೆಯ ಪುಟಗಳು ಬೇಕಾದಷ್ಟು ಸಿಗುತ್ತವೆ. ದಿನಾಂಕ ಇಲ್ಲದ ಪುಟವಾದರೆ ಬಿಟ್ಟುಬಿಡಿ. ಫ್ರಾನ್ಸ್‌ನ ರಾಷ್ಟ್ರೀಯ ಸ್ಟೇಷನ್ ಫ್ರಾನ್ಸ್ ಇಂತರ್ ಲಾಂಗ್ ವೇವ್‌ನಲ್ಲಿ 162 ಕಿಲೋಹರ್ಟ್ಸ್ ಎಂದು ಬರೆದಿದ್ದರೆ ಆ ಪುಟ 2016ಕ್ಕಿಂತ ಈಚೆಗೆ ಬದಲಾಗಿಲ್ಲ ಎಂದು ಅರ್ಥ, ಆ ವರ್ಷದ ಕೊನೆಗೆ ಅಲ್ಲಿ ಕಾರ್ಯಕ್ರಮ ನಿಂತಿತು. ಐರ್ಲೆಂಡ್‌ನ ಆರ್‌ಟಿಇ ರೇಡಿಯೋ 1ಕ್ಕೆ 252 ಎಂದಿದ್ದರೂ ಹಾಗೆಯೇ. ಅದು 2023ರ ಏಪ್ರಿಲ್‌ನಲ್ಲಿ ಮುಚ್ಚಿತು. ಒಂದು ಸಂಖ್ಯೆ ಹಳೆಯದಾಗಿದ್ದರೆ ಪಕ್ಕದ ಸಂಖ್ಯೆಗಳ ಮೇಲೂ ಅನುಮಾನ ಇರಲಿ.

ಊರಿನ ಹೆಸರು ಬಿಡಿ, ಟವರ್ ಹುಡುಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಪಟ್ಟಿಯಲ್ಲಿ ಟವರ್ ಹೆಸರು ಕಾಣುತ್ತದೆ, ನಿಮ್ಮ ಊರು ಕಾಣುವುದಿಲ್ಲ. ಇಂಗ್ಲೆಂಡ್‌ನ ಬರ್ಮಿಂಗ್‌ಹ್ಯಾಮ್‌ಗೆ ಬಿಬಿಸಿ ತಲುಪುವುದು ಸಟನ್ ಕೋಲ್ಡ್‌ಫೀಲ್ಡ್ ಟವರ್‌ನಿಂದ. ಲಂಡನ್‌ಗೆ ಬರುವುದು ಪಕ್ಕದ ಕೆಂಟ್‌ನಲ್ಲಿರುವ ರೂಟಮ್‌ನಿಂದ (Wrotham). ಬ್ರಿಟನ್‌ನ ಎಫ್‌ಎಂ ಸೇವೆ ಶುರುವಾಗಿದ್ದೇ ಈ ರೂಟಮ್‌ನಿಂದ, 1955ರ ಮೇ 2ರಂದು. ಲಂಡನ್ ಎಂದು ಪಟ್ಟಿಯಲ್ಲಿ ಹುಡುಕುತ್ತಾ ಕೂತರೆ ರೂಟಮ್ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಾಗಿ ಮೊದಲು ನಕ್ಷೆ ತೆರೆಯಿರಿ. ನೀವಿರುವ ಜಾಗದ ಸುತ್ತ 60ರಿಂದ 80 ಕಿಲೋಮೀಟರ್ ಒಳಗೆ ಯಾವ ದೊಡ್ಡ ಟವರ್‌ಗಳಿವೆ ಎಂದು ಗುರುತು ಮಾಡಿ. ಪಟ್ಟಿಯಲ್ಲಿ ಶಕ್ತಿಯನ್ನು ಇಆರ್‌ಪಿ ಎಂದು ಕಿಲೋವ್ಯಾಟ್‌ನಲ್ಲಿ ಕೊಟ್ಟಿರುತ್ತಾರೆ. ಹತ್ತು ಕಿಲೋವ್ಯಾಟ್‌ಗಿಂತ ಮೇಲಿನವು ದೊಡ್ಡವು. ಅರ್ಧ ಕಿಲೋವ್ಯಾಟ್, ನೂರು ವ್ಯಾಟ್ ಎಂದಿದ್ದರೆ ಅದು ಒಂದು ಕಣಿವೆಗೋ ಒಂದು ಪಟ್ಟಣಕ್ಕೋ ಹಾಕಿದ ಚಿಕ್ಕ ರಿಲೇ. ನೀವು ಬಯಲಿನಲ್ಲಿದ್ದರೆ ದೊಡ್ಡ ಟವರ್ ಆರಿಸಿ. ಬೆಟ್ಟದ ಸಂದಿಯಲ್ಲಿದ್ದರೆ ಹತ್ತಿರದ ಚಿಕ್ಕ ರಿಲೇಯೇ ಒಳ್ಳೆಯದು. ದೊಡ್ಡ ಟವರ್ ಎಷ್ಟೇ ಶಕ್ತಿಯದ್ದಾದರೂ ನಡುವೆ ಗುಡ್ಡ ನಿಂತರೆ ಏನೂ ಮಾಡಲಾಗದು.

ಟವರ್ ಸಿಕ್ಕಿದ ಮೇಲೆ ಒಂದು ಮಜಾ ಇದೆ. ತುಂಬಾ ದೇಶಗಳು ತಮ್ಮ ರಾಷ್ಟ್ರೀಯ ಸ್ಟೇಷನ್‌ಗಳಿಗೆ ಎಫ್‌ಎಂನಲ್ಲಿ ಒಂದೊಂದು ತುಂಡು ಹಂಚಿಕೊಟ್ಟಿರುತ್ತವೆ. ಐರ್ಲೆಂಡ್‌ನಲ್ಲಿ ಆರ್‌ಟಿಇ ರೇಡಿಯೋ 1 ಹೆಚ್ಚಾಗಿ 88ರಿಂದ 90ರ ನಡುವೆ, 2ಎಫ್‌ಎಂ 90ರಿಂದ 92ರ ನಡುವೆ, ಐರಿಷ್ ಭಾಷೆಯ ರೇಡಿಯೋ ನ ಗೇಲ್ಟಕ್ತ 92ರಿಂದ 94ರ ನಡುವೆ. ನ್ಯೂಜಿಲೆಂಡ್‌ನಲ್ಲಿ ಆರ್‌ಎನ್‌ಝಡ್ ನ್ಯಾಷನಲ್ ಆಕ್ಲೆಂಡ್‌ನಲ್ಲಿ 101.4, ವೆಲಿಂಗ್ಟನ್‌ನಲ್ಲಿ 101.3, ಕ್ರೈಸ್ಟ್‌ಚರ್ಚ್‌ನಲ್ಲಿ 101.7. ಅಲ್ಲಿ ಊರು ಯಾವುದಾದರೂ 101ಕ್ಕೆ ಬಂದು ಅಲ್ಲಿಂದ ಒಂದೊಂದೇ ಹೆಜ್ಜೆ ಮೇಲೆ ಹೋದರೆ ಬಹುತೇಕ ಸಿಕ್ಕೇಬಿಡುತ್ತದೆ.

ಬಿಬಿಸಿಯದು ಇನ್ನೂ ಅಚ್ಚುಕಟ್ಟು. ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ರೇಡಿಯೋ 2 ಇರುವುದು 88.3ರಲ್ಲಿ, ರೇಡಿಯೋ 3 90.5ರಲ್ಲಿ, ರೇಡಿಯೋ 4 92.7ರಲ್ಲಿ. ರೂಟಮ್‌ನಲ್ಲಿ ಅವೇ ಮೂರು 89.1, 91.3, 93.5. ಉತ್ತರದ ಹೋಮ್ ಮಾಸ್‌ನಲ್ಲಿ 89.3, 91.5, 93.7. ಕಳೆದು ನೋಡಿ, ಎಲ್ಲ ಕಡೆ ನಡುವಿನ ಅಂತರ 2.2. ರೇಡಿಯೋ 1 ಈ ಮೂರಕ್ಕಿಂತ ತಡವಾಗಿ ತನ್ನದೇ ಎಫ್‌ಎಂ ಜಾಗ ಪಡೆಯಿತು. ಅದು ಮೇಲೆ ಹೆಚ್ಚಾಗಿ 97ರಿಂದ 100ರ ನಡುವೆ ಕೂತಿದೆ: ಇದೇ ಮೂರು ಟವರ್‌ಗಳಲ್ಲಿ ಕ್ರಮವಾಗಿ 97.9, 98.8, 98.9. ಅಂದರೆ ಒಂದು ಸ್ಟೇಷನ್ ಸಿಕ್ಕಿದರೆ ಉಳಿದವನ್ನು ಬಾಯಿಲೆಕ್ಕದಲ್ಲೇ ಹಿಡಿಯಬಹುದು.

ಈ ಲೆಕ್ಕವನ್ನು ಎಲ್ಲ ಕಡೆಗೂ ಎಳೆಯಬೇಡಿ. ಸ್ಕಾಟ್ಲೆಂಡ್‌ನ ಬ್ಲ್ಯಾಕ್ ಹಿಲ್ ಟವರ್‌ನಲ್ಲಿ 89.9ಕ್ಕೆ ರೇಡಿಯೋ 2, 92.1ಕ್ಕೆ ರೇಡಿಯೋ 3 ಸಿಗುತ್ತದೆ. ಮತ್ತೆ 2.2 ಸೇರಿಸಿ 94.3ಕ್ಕೆ ಹೋದರೆ ಅಲ್ಲಿರುವುದು ರೇಡಿಯೋ ಸ್ಕಾಟ್ಲೆಂಡ್. ರೇಡಿಯೋ 4 ಸರಿದು 95.8ಕ್ಕೆ ಹೋಗಿದೆ. ಆ ಭಾಗಕ್ಕೆ ತನ್ನದೇ ಸೇವೆ ಇರುವುದರಿಂದ ಒಳ್ಳೆಯ ಜಾಗವನ್ನು ಅದಕ್ಕೆ ಕೊಟ್ಟಿದ್ದಾರೆ. ಯಾವ ದೇಶದಲ್ಲೇ ಆಗಲಿ, ಸ್ವಂತ ಭಾಷೆಯೋ ಸ್ವಂತ ಆಡಳಿತವೋ ಇರುವ ಭಾಗಕ್ಕೆ ಕಾಲಿಡುವಾಗ ಹಳೆಯ ಲೆಕ್ಕ ಬದಲಾಗಬಹುದು ಎಂದುಕೊಂಡೇ ಹೋಗಿ.

ಕೆಲವು ಸೇವೆಗಳು ಮಾತ್ರ ಈ ಗೋಜಿನಿಂದ ತಪ್ಪಿಸಿಕೊಂಡಿವೆ. ಫ್ರಾನ್ಸ್‌ನ ಹೆದ್ದಾರಿ ರೇಡಿಯೋಗಳು 107.7ರಲ್ಲೇ ಸಿಗುತ್ತವೆ. ಇಟಲಿಯಲ್ಲಿ ರಾಯ್ ಸಂಸ್ಥೆಯ ಇಸೊರೇಡಿಯೊ ಹೆದ್ದಾರಿಗಳ ಉದ್ದಕ್ಕೂ 103.3ರಲ್ಲಿ ಬರುತ್ತದೆ. ಟವರ್‌ಗಳನ್ನೆಲ್ಲ ಒಂದೇ ತಾಳಕ್ಕೆ ಹೊಂದಿಸಿ ಇದನ್ನು ಮಾಡುತ್ತಾರೆ. ಉದ್ದನೆಯ ರಸ್ತೆಗೆ ಇದು ಹೊಂದುತ್ತದೆ. ಇಡೀ ದೇಶಕ್ಕೆ ಎಫ್‌ಎಂನಲ್ಲಿ ಹೀಗೆ ಮಾಡುವುದು ಸುಲಭವಲ್ಲ.

ಮೀಡಿಯಂ ವೇವ್, ಲಾಂಗ್ ವೇವ್

ದೊಡ್ಡ ದೇಶ, ದೂರದ ಹಳ್ಳಿ, ಸಮುದ್ರ ಇಂಥ ಕಡೆ ಎಫ್‌ಎಂ ಕೈಕೊಡುತ್ತದೆ. ಆಗ ಮೀಡಿಯಂ ವೇವ್ ನೋಡಿ. ಇದರ ಅಲೆ ನೆಲವನ್ನು ಹಿಡಿದುಕೊಂಡು ಸಾಗುವುದರಿಂದ ಒಂದೇ ಟವರ್ ಹಗಲಲ್ಲೂ ನೂರಾರು ಕಿಲೋಮೀಟರ್ ತಲುಪಬಲ್ಲದು. ಆರ್‌ಎನ್‌ಝಡ್ ನ್ಯಾಷನಲ್ ಆಕ್ಲೆಂಡ್‌ನಿಂದ 756 ಕಿಲೋಹರ್ಟ್ಸ್, ವೆಲಿಂಗ್ಟನ್‌ನಿಂದ 567ರಲ್ಲಿ ಬರುವುದು ಹೀಗೆಯೇ.

ಪಟ್ಟಿಯಲ್ಲಿ ಮೀಡಿಯಂ ವೇವ್ ಸಂಖ್ಯೆ ನೋಡಿದಾಗ ಒಂದು ಸುಲಭ ಪರೀಕ್ಷೆ ಮಾಡಬಹುದು. ಅಮೆರಿಕ ಖಂಡಗಳ ಹೊರಗೆ ಈ ಸಂಖ್ಯೆಗಳನ್ನು 9ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಅಂಕಿಗಳನ್ನು ಕೂಡಿಸಿದರೆ ಸಾಕು: 756 ಎಂದರೆ 7, 5, 6 ಸೇರಿ 18. 567 ಕೂಡ 18. ಬಿಬಿಸಿ ರೇಡಿಯೋ 5 ಲೈವ್ ಬಳಸಿಕೊಂಡು ಬಂದ 693, 909 ಎರಡೂ 18. ಲಾಂಗ್ ವೇವ್‌ಗೂ ಇದು ಹೊಂದುತ್ತದೆ. ಬಿಬಿಸಿ ರೇಡಿಯೋ 4ರ ಲಾಂಗ್ ವೇವ್ ಮೊದಲು 200ರಲ್ಲಿತ್ತು. 1988ರಲ್ಲಿ ಅದನ್ನು 198ಕ್ಕೆ ಇಳಿಸಿ ಈ ಲೆಕ್ಕಕ್ಕೆ ತಂದರು. ಇದಕ್ಕೆಲ್ಲ ಬುಡ 1975ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದ. ಅದು 1978ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಯುರೋಪ್, ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾದ ಪಟ್ಟಿಯೊಂದರಲ್ಲಿ 694 ಎಂದೋ 760 ಎಂದೋ ಇದ್ದರೆ ಬರೆದವರು ತಪ್ಪಿದ್ದಾರೆ, ಇಲ್ಲವೇ ಬೇರೆ ಖಂಡದ ಸಂಖ್ಯೆ ನುಸುಳಿದೆ.

ಮೀಡಿಯಂ ವೇವ್ ಹುಡುಕುವಾಗ ಹಗಲಿನಲ್ಲೇ ಹುಡುಕಿ. ರಾತ್ರಿ ಬೇಡ. ಹಗಲಲ್ಲಿ ವಾತಾವರಣದ ಮೇಲ್ಪದರವೊಂದು ಮೇಲಕ್ಕೆ ಹೋದ ಅಲೆಯನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಇಲ್ಲವಾಗಿ, ಅಲೆ ಇನ್ನೂ ಮೇಲಿನ ಪದರಕ್ಕೆ ತಾಗಿ ಹಿಂದಿರುಗುತ್ತದೆ. ಆಗ ಸಾವಿರ ಕಿಲೋಮೀಟರ್ ಆಚೆಯ ಸ್ಟೇಷನ್‌ಗಳೂ ಬಂದು ನಿಮ್ಮ ಊರಿನ ಫ್ರೀಕ್ವೆನ್ಸಿ ಮೇಲೆ ಕೂರುತ್ತವೆ. ರಾತ್ರಿ ಸಿಕ್ಕಿದ ಸಂಖ್ಯೆಯನ್ನು ಪ್ರಿಸೆಟ್‌ಗೆ, ಅಂದರೆ ಸ್ಟೇಷನ್ ನೆನಪಿಡುವ ಗುಂಡಿಗೆ, ಹಾಕಿಕೊಂಡರೆ ಬೆಳಿಗ್ಗೆ ಅಲ್ಲಿ ಬರೀ ಕರಕರ.

ರೇಡಿಯೋ ತಿರುಗಿಸುವುದನ್ನೂ ಮರೆಯಬೇಡಿ. ಮೀಡಿಯಂ ವೇವ್‌ನ ಆಂಟೆನಾ ರೇಡಿಯೋ ಒಳಗೇ ಇರುವ ಫೆರೈಟ್ ಕಡ್ಡಿ. ಹೊರಗಿನ ಉದ್ದನೆಯ ಕಡ್ಡಿಯನ್ನು ಎಷ್ಟು ಎಳೆದರೂ ಇದಕ್ಕೆ ಪ್ರಯೋಜನ ಇಲ್ಲ. ಇಡೀ ಡಬ್ಬಿಯನ್ನೇ ತಿರುಗಿಸಬೇಕು. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬ್ ಹತ್ತಿರ ಇದ್ದರೆ ದೂರ ಇಡಿ.

ಡಿಎಬಿ ಇರುವ ದೇಶವಾದರೆ

ಡಿಎಬಿಯಲ್ಲಿ ಮೇಲೆ ಹೇಳಿದ ತಾಪತ್ರಯ ಬಹಳಷ್ಟು ಇಲ್ಲ. ಇದರಲ್ಲಿ ಅಕ್ಕಪಕ್ಕದ ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಕಳುಹಿಸಿದರೂ ಗಲಾಟೆಯಾಗದಂತೆ ವ್ಯವಸ್ಥೆಯೇ ಇದೆ. ಬ್ಲಾಕ್ ಎಂಬ ಒಂದೊಂದು ಫ್ರೀಕ್ವೆನ್ಸಿ ತುಂಡಿನಲ್ಲಿ ಹತ್ತಾರು ಸ್ಟೇಷನ್‌ಗಳು ಒಟ್ಟಿಗೆ ಬರುತ್ತವೆ. ಬಿಬಿಸಿಯ ರಾಷ್ಟ್ರೀಯ ಸ್ಟೇಷನ್‌ಗಳು ಬ್ರಿಟನ್ನಿನ ಉದ್ದಗಲಕ್ಕೂ 12ಬಿ ಬ್ಲಾಕ್‌ನಲ್ಲಿ, ಅಂದರೆ 225.648 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತವೆ. ಜರ್ಮನಿಯ ಡಾಯ್ಚ್‌ಲಾಂಡ್‌ಫುಂಕ್ 5ಸಿ ಬ್ಲಾಕ್‌ನಲ್ಲಿ. ನೀವು ಸಂಖ್ಯೆ ಒತ್ತಬೇಕಿಲ್ಲ. ಸ್ಕ್ಯಾನ್ ಮಾಡಿದರೆ ಹೆಸರಿನ ಪಟ್ಟಿಯೇ ಬರುತ್ತದೆ. ಸಿಗ್ನಲ್ ದುರ್ಬಲವಾಗಿ ಸ್ಕ್ಯಾನ್‌ನಲ್ಲಿ ಹೆಸರು ಬರದಿದ್ದರೆ ಮಾತ್ರ ಬ್ಲಾಕ್ ಸಂಖ್ಯೆ ಕೆಲಸಕ್ಕೆ ಬರುತ್ತದೆ: ಮ್ಯಾನ್ಯುವಲ್ ಟ್ಯೂನ್‌ಗೆ ಹೋಗಿ ಆ ಬ್ಲಾಕ್ ಆರಿಸಿ, ಆಂಟೆನಾವನ್ನು ನೆಟ್ಟಗೆ ನಿಲ್ಲಿಸಿ, ಸಿಗ್ನಲ್ ಪಟ್ಟಿ ಏರುವ ಜಾಗ ನೋಡಿ.

ಬೇರೆ ಪ್ರದೇಶಕ್ಕೆ ಹೋದಾಗ ಮತ್ತೆ ಪೂರ್ತಿ ಸ್ಕ್ಯಾನ್ ಮಾಡಿ. ಹಳೆಯ ಊರಿನ ಪಟ್ಟಿ ಪರದೆಯಲ್ಲಿ ಹಾಗೇ ಉಳಿದಿರುತ್ತದೆ, ಒತ್ತಿದರೆ ಸದ್ದಿರುವುದಿಲ್ಲ.

ಕೆಲವು ದೇಶಗಳಲ್ಲಿ ಎಫ್‌ಎಂನಲ್ಲಿ ಹುಡುಕುವುದೇ ವ್ಯರ್ಥ. ನಾರ್ವೆ 2017ರಲ್ಲಿ ತನ್ನ ರಾಷ್ಟ್ರೀಯ ಸ್ಟೇಷನ್‌ಗಳನ್ನು ಪ್ರದೇಶದಿಂದ ಪ್ರದೇಶಕ್ಕೆ ಎಫ್‌ಎಂನಿಂದ ತೆಗೆಯುತ್ತಾ ಬಂದು ಡಿಸೆಂಬರ್ ಹೊತ್ತಿಗೆ ಮುಗಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಸ್ವಿಟ್ಜರ್ಲೆಂಡ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಕೊನೆಯ ದಿನ ತನ್ನ ಎಫ್‌ಎಂ ಟವರ್‌ಗಳನ್ನು ನಿಲ್ಲಿಸಿತು. ಅಲ್ಲಿಗೆ ಹಳೆಯ ಎಫ್‌ಎಂ ರೇಡಿಯೋ ಹೊತ್ತು ಹೋದರೆ ಬೇರೆ ಸ್ಟೇಷನ್ ಏನಾದರೂ ಕೇಳಬಹುದು, ಇವು ಮಾತ್ರ ಕೇಳದೇ ಹೋಗಬಹುದು. ಮೊದಲ ತಲೆಮಾರಿನ ಡಿಎಬಿ ರೇಡಿಯೋಗೆ ಡಿಎಬಿ ಪ್ಲಸ್ ಅರ್ಥವಾಗುವುದಿಲ್ಲ ಎಂಬುದೂ ಗಮನದಲ್ಲಿರಲಿ. ಈಗ ಹೆಚ್ಚಿನ ದೇಶಗಳು ಬಳಸುವುದು ಪ್ಲಸ್.

ಕಾರಿನಲ್ಲಿ ಹೋಗುವಾಗ

ಸಂಖ್ಯೆ ಹುಡುಕುವ ಕೆಲಸವನ್ನು ಕಾರಿನ ರೇಡಿಯೋಗೇ ಬಿಡಬಹುದು, ಆರ್‌ಡಿಎಸ್ ಇದ್ದರೆ. ಎಫ್‌ಎಂ ಸಿಗ್ನಲ್ ಜೊತೆಗೆ ಸದ್ದಿಲ್ಲದೆ ಬರುವ ಮಾಹಿತಿ ಅದು. ಪರದೆ ಮೇಲೆ ಎಂಟು ಅಕ್ಷರದ ಸ್ಟೇಷನ್ ಹೆಸರು ಬರುವುದು ಇದರಿಂದಲೇ. ಅದರಲ್ಲೇ ಇನ್ನೊಂದು ಪಟ್ಟಿಯೂ ಬರುತ್ತದೆ: ಇದೇ ಕಾರ್ಯಕ್ರಮ ಸುತ್ತಮುತ್ತ ಯಾವ ಯಾವ ಫ್ರೀಕ್ವೆನ್ಸಿಯಲ್ಲಿದೆ ಎಂದು. ಸೆಟ್ಟಿಂಗ್ಸ್‌ನಲ್ಲಿ ಎಎಫ್ ಎಂಬುದನ್ನು ಆನ್ ಮಾಡಿದರೆ, ಒಂದು ಟವರ್ ಮಸುಕಾಗುತ್ತಿದ್ದಂತೆ ರೇಡಿಯೋ ಮುಂದಿನದಕ್ಕೆ ತಾನೇ ಜಿಗಿಯುತ್ತದೆ. ಆರ್‌ಇಜಿ ಎಂಬುದನ್ನು ಆಫ್ ಮಾಡಿ. ಆನ್ ಇದ್ದರೆ ಅದು ಒಂದೇ ಪ್ರದೇಶದ ಆವೃತ್ತಿಗೆ ಅಂಟಿಕೊಂಡು ಕೂರುತ್ತದೆ.

ಕೆಲವು ರೇಡಿಯೋಗಳು, ಫೋನ್ ಆ್ಯಪ್‌ಗಳು ಪಿಐ ಕೋಡ್ ಎಂಬ ನಾಲ್ಕು ಅಕ್ಷರವನ್ನೂ ತೋರಿಸುತ್ತವೆ. ರಾಷ್ಟ್ರೀಯ ಸ್ಟೇಷನ್ ಹುಡುಕುವವರಿಗೆ ಇದು ಚಿನ್ನದಂಥ ಸುಳಿವು. ಎರಡನೇ ಅಕ್ಷರ 2 ಇದ್ದರೆ ಅದು ದೇಶವ್ಯಾಪಿ ಸೇವೆ, 0 ಇದ್ದರೆ ಸ್ಥಳೀಯ. ಬಿಬಿಸಿ ರೇಡಿಯೋ 4ರ ಕೋಡ್ ಸಿ204. ಬ್ರಿಟನ್ನಿನಲ್ಲಿ ಯಾವ ಟವರ್‌ನಿಂದ, ಯಾವ ಸಂಖ್ಯೆಯಲ್ಲಿ ಬಂದರೂ ಅದು ಬದಲಾಗುವುದಿಲ್ಲ. ಅಮೆರಿಕದಲ್ಲಿ ಈ ಕೋಡ್ ಬೇರೆ ರೀತಿ ಕಟ್ಟಿರುವುದರಿಂದ ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಆರ್‌ಡಿಎಸ್ ಇಲ್ಲದ ಕಾರಾದರೆ ಹೊರಡುವ ಮುಂಚೆ ದಾರಿಯ ಉದ್ದಕ್ಕೂ ಬರುವ ಟವರ್‌ಗಳನ್ನು ಬರುವ ಕ್ರಮದಲ್ಲೇ ಪ್ರಿಸೆಟ್ 1, 2, 3 ಎಂದು ತುಂಬಿಸಿಡಿ. ಮಸುಕಾದಾಗ ಮುಂದಿನ ಗುಂಡಿ ಒತ್ತಿದರೆ ಆಯಿತು. ಗಾಡಿ ಓಡಿಸುತ್ತಾ ಪಟ್ಟಿ ನೋಡುವ ಕೆಲಸ ಬೇಡವೇ ಬೇಡ.

ಸಿಕ್ಕಿದ್ದು ಅದೇ ಸ್ಟೇಷನ್ನಾ?

ಗಂಟೆ ತುಂಬುವ ಹೊತ್ತಿಗೆ ಕಿವಿಗೊಡಿ. ಹೆಚ್ಚಿನ ರಾಷ್ಟ್ರೀಯ ಸ್ಟೇಷನ್‌ಗಳು ಆಗ ಹೆಸರು ಹೇಳಿ ಸುದ್ದಿ ಓದುತ್ತವೆ. ಅಷ್ಟು ಕಾಯಲಾಗದಿದ್ದರೆ ಫೋನ್‌ನಲ್ಲಿ ಅದೇ ಸ್ಟೇಷನ್‌ನ ಇಂಟರ್‌ನೆಟ್ ಪ್ರಸಾರ ಹಾಕಿ ಹೋಲಿಸಿ. ಎರಡೂ ಒಟ್ಟಿಗೆ ಬರುವುದಿಲ್ಲ. ಎಫ್‌ಎಂ ಮುಂದೆ ಇರುತ್ತದೆ, ಡಿಎಬಿ ಕೆಲವು ಸೆಕೆಂಡ್ ಹಿಂದೆ, ಇಂಟರ್‌ನೆಟ್ ಇನ್ನೂ ಹಿಂದೆ. ಎಫ್‌ಎಂನಲ್ಲಿ ಕೇಳಿದ ವಾಕ್ಯ ಅರ್ಧ ನಿಮಿಷದ ಮೇಲೆ ಫೋನ್‌ನಲ್ಲಿ ಬಂದರೆ ಗಾಬರಿ ಬೇಡ, ಸ್ಟೇಷನ್ ಅದೇ.

ಬೆಳಿಗ್ಗೆ ಮತ್ತು ಸಂಜೆ ಹೋಲಿಸುವಾಗ ಎಚ್ಚರ ಇರಲಿ. ಸಿಬಿಸಿ ರೇಡಿಯೋ ಒನ್‌ನಂಥವು ಆ ಹೊತ್ತಿನಲ್ಲಿ ಪ್ರದೇಶಕ್ಕೊಂದು ಕಾರ್ಯಕ್ರಮ ಹಾಕುತ್ತವೆ. ಟೊರಾಂಟೋದ 99.1ರಲ್ಲಿ ಬರುವುದಕ್ಕೂ ವ್ಯಾಂಕೂವರ್‌ನ 88.1ರಲ್ಲಿ ಬರುವುದಕ್ಕೂ ಆಗ ಸಂಬಂಧ ಇರುವುದಿಲ್ಲ.

ಇನ್ನೊಂದು ಮೋಸ ಬೇಸಿಗೆಯದ್ದು. ಕೆಲವು ದಿನ ಆಕಾಶದ ಮೇಲ್ಪದರ ಎಫ್‌ಎಂ ಅಲೆಯನ್ನೂ ಕನ್ನಡಿಯಂತೆ ಹಿಂದಿರುಗಿಸಿ, ಬೇರೆ ದೇಶದ ಸ್ಟೇಷನ್ ಸ್ಪಷ್ಟವಾಗಿ ಕೇಳಿಬಿಡುತ್ತದೆ. ಒಂದೆರಡು ಗಂಟೆಯಲ್ಲಿ ಮಾಯ. ಹೊಸ ಫ್ರೀಕ್ವೆನ್ಸಿ ಬರೆದಿಟ್ಟುಕೊಳ್ಳುವ ಮುಂಚೆ ಮಾರನೇ ದಿನ ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಕೇಳಿ.

ಎಲ್ಲ ಮಾಡಿದರೂ ಸಿಗದಿದ್ದರೆ

ಕಿಟಕಿ ಹತ್ತಿರ ಹೋಗಿ. ಕಾಂಕ್ರೀಟ್ ಗೋಡೆಯೂ ಲೋಹ ಬಳಿದ ಗಾಜೂ ಸಿಗ್ನಲ್ಲನ್ನು ತಿನ್ನುತ್ತವೆ. ಟವರ್ ಯಾವ ದಿಕ್ಕಿಗಿದೆ ಎಂದು ನಕ್ಷೆಯಲ್ಲಿ ಗೊತ್ತಾಗಿದೆ, ಆ ಕಡೆಯ ಕಿಟಕಿ ಆರಿಸಿ. ಪಟ್ಟಿಯಲ್ಲಿ ಪೋಲರೈಸೇಷನ್ ಎಂಬ ಕಡೆ ವಿ ಎಂದಿದ್ದರೆ ಆಂಟೆನಾ ನೆಟ್ಟಗೆ ನಿಲ್ಲಿಸಿ, ಎಚ್ ಎಂದಿದ್ದರೆ ಅಡ್ಡ ಮಲಗಿಸಿ, ಎಂ ಎಂದಿದ್ದರೆ ಹೇಗಿದ್ದರೂ ನಡೆಯುತ್ತದೆ. ಸ್ಟೀರಿಯೋ ಬಿಟ್ಟು ಮೋನೋ ಹಾಕಿದರೆ ಕರಕರ ಎಷ್ಟೋ ಕಡಿಮೆಯಾಗುತ್ತದೆ, ಸುದ್ದಿ ಕೇಳಲು ಅಷ್ಟು ಸಾಕು.

ಆಮೇಲೂ ಸಿಗದಿದ್ದರೆ ಎರಡನೇ ಹತ್ತಿರದ ಟವರ್ ಪ್ರಯತ್ನಿಸಿ. ನಡುವೆ ಗುಡ್ಡ ಇಲ್ಲದ ದೂರದ ಟವರ್ ಎಷ್ಟೋ ಸಲ ಗುಡ್ಡದ ಹಿಂದಿರುವ ಹತ್ತಿರದ್ದಕ್ಕಿಂತ ಚೆನ್ನಾಗಿ ಬರುತ್ತದೆ. ಅದೂ ಆಗದಿದ್ದರೆ ಪ್ರಸಾರ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಟವರ್ ದುರಸ್ತಿಯ ಸೂಚನೆ ಇದೆಯಾ ನೋಡಿ. ಕಂಬದ ಮೇಲೆ ಕೆಲಸ ನಡೆಯುವಾಗ ಶಕ್ತಿ ತಗ್ಗಿಸುವುದು, ಕೆಲವು ಗಂಟೆ ನಿಲ್ಲಿಸುವುದು ಮಾಮೂಲು. ಸೂಚನೆ ಇಲ್ಲದಿದ್ದರೆ ಅವರಿಗೇ ಬರೆಯಿರಿ. ಬರೆಯುವಾಗ ನಿಮ್ಮ ಪಿನ್ ಕೋಡ್, ಟವರ್ ಹೆಸರು, ಫ್ರೀಕ್ವೆನ್ಸಿ, ಯಾವ ಹೊತ್ತಿನಿಂದ ಬರುತ್ತಿಲ್ಲ ಎಂಬ ನಾಲ್ಕು ವಿಷಯ ಇರಲಿ. "ನಿಮ್ಮ ರೇಡಿಯೋ ಬರುತ್ತಿಲ್ಲ" ಎಂದಷ್ಟೇ ಬರೆದರೆ ಅವರು ತಿರುಗಿ ಕೇಳುವುದು ಇದೇ ನಾಲ್ಕನ್ನು.